ಒಂಬತ್ತು ಗೆರೆ ಗಂಜಿ

ನಮ್ಮ ಸಿನಿಮಾಗಳಲ್ಲಿ ಗಂಜಿ ಬಂತು ಅಂದ್ರೆ ಕರ್ಚೀಫು ಹೊರಗೆ ಬರಬೇಕು, ಅದು ಲೆಕ್ಕ! ಸೋರುವ ಗುಡಿಸಲು, ವಿಧವೆ ತಾಯಿ, ಇಬ್ಬರಿಗೂ ಸೇರಿ ಒಂದೇ ಬಟ್ಟಲು. ‘ನಂಗೆ ಹಸಿವಿಲ್ಲ ಕಂದಾ’ ಅಂತ ತಾಯಿ ಹೇಳಿದ ಕೂಡಲೇ ಶಹನಾಯಿ ಶುರು. ಚಿತ್ರರಸಿಕರಾದ ನಿಮಗೆ ನಾನು ಹೇಳಬೇಕೇ?

ಆದರೆ ನಮ್ಮ ಮಲೆನಾಡಲ್ಲಿ ಗಂಜಿ ಬಡತನದ ಗುರುತಲ್ಲ ಮಾರಾಯ್ರೇ. ಅಡಿಕೆ ತೋಟದ ಯಜಮಾನರೂ ಗಂಜಿ ಉಂಡೇ ತೋಟಕ್ಕೆ ಇಳಿಯೋರು, ಕೊನೆ ಕೊಯ್ಯೋ ಆಳೂ ಗಂಜಿ ಉಂಡೇ ಮರ ಹತ್ತೋನು. ನಾನೀಗ ಹೇಳಹೊರಟಿರುವ ಗಂಜಿಯಲ್ಲಿ ಶಹನಾಯಿ ಇಲ್ಲ. ಒಂದು ಸುಳ್ಳು ಇದೆ. ಹೇಳಿದವನು ನಾನೇ.

ನನ್ನೂರು ಹುಂಚ, ಹೊಸನಗರ ತಾಲ್ಲೂಕು. ಸಾಂತರ ಅರಸರು ಆಳಿದ ಊರು. 1077ರ ಪಂಚಕೂಟ ಬಸದಿ, ಪದ್ಮಾವತಿ ಅಮ್ಮನವರ ಗುಡಿ, ಮುತ್ತಿನಕೆರೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಫಾಲ್ಗುಣದಲ್ಲಿ ಅಮ್ಮನವರ ತೇರು. ದೊಡ್ಡವರಿಗೆ ಅದು ತೇರು; ನಮ್ಮಂಥ ಹುಡುಗರಿಗೆ ಮಾತ್ರ ತೇರು ಅಂದರೆ ಟೂರಿಂಗ್ ಟಾಕೀಸಿನ ಟೆಂಟು!

1979ನೇ ಇಸವಿ. ನನಗೆ ಹದಿನಾರು. ಆ ಸಲ ಟೆಂಟಿಗೆ ಬಂದದ್ದು ‘ಭೂತಯ್ಯನ ಮಗ ಅಯ್ಯು’. 1974ರ ಚಿತ್ರ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಲ್ಲಿ ಓಡಿ, ಶಿವಮೊಗ್ಗದಲ್ಲಿ ಓಡಿ, ರೀಲೆಲ್ಲ ಗೀಚಿ ಹೋದ ಮೇಲೆ ನಮ್ಮ ಸರದಿ. ಆದರೇನು, ನಾನು ಅದನ್ನೇ ರಾತ್ರಿ ಮೇಲೆ ರಾತ್ರಿ ನೋಡಿದೆ. ಲೋಕೇಶ್, ವಿಷ್ಣುವರ್ಧನ್ ಇಬ್ಬರೂ ಇರುವಾಗ ಒಂದು ಸಲ ನೋಡಿ ಸುಮ್ಮನಿರೋದು ಸಾಧ್ಯವೇ?

ಈಗ ಹೊಟ್ಟೆಯ ವಿಷಯ. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣೋದಿಲ್ಲ. ಹಾಗಾಗಿ ಜಾತ್ರೆಯ ಊಟವೂ ಬೆಳಕಿರುವಾಗಲೇ ಮುಗಿಯೋದು. ಟೆಂಟಿನ ಆಟವೋ, ಕತ್ತಲಾದ ಮೇಲೇ ಶುರು. ಬೆಳಕಿದ್ದರೆ ಪರದೆ ಮೇಲೆ ಏನು ಕಾಣುತ್ತೆ? ಮೂರು ತಾಸು ಸಿನಿಮಾ ನೋಡಿ ಹೊರಗೆ ಬಂದರೆ ಹೊಟ್ಟೆ ಚುರುಚುರು. ಅದರಲ್ಲೂ ಆ ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸೋ ದೃಶ್ಯ ಉಂಟಲ್ಲ! ಅದರಿಂದಲೇ ಅವರು 2018ರಲ್ಲಿ ತೀರಿಕೊಳ್ಳೋವರೆಗೂ ‘ಉಪ್ಪಿನಕಾಯಿ ಲೋಕನಾಥ್’ ಆಗಿಯೇ ಉಳಿದರು. ಅದನ್ನು ನೋಡಿ ಇಡೀ ಟೆಂಟಿಗೆ ಟೆಂಟೇ ಬಾಯಲ್ಲಿ ನೀರು ಸುರಿಸುತ್ತಿತ್ತು.

ಟೆಂಟಿನ ಪಕ್ಕದಲ್ಲೇ, ಒಂದು ಲಾಟೀನಿನ ಬೆಳಕಲ್ಲಿ, ಗಂಜಿ ಅಂಗಡಿ. ಅಂಗಡಿ ಅಂದರೆ ನಾಲ್ಕು ಕಂಬ, ತೆಂಗಿನ ಗರಿ, ಒಂದು ಹಲಗೆ. ಘಟ್ಟದ ಕೆಳಗಿಂದ ಬಂದ ಒಬ್ಬ ಹೆಂಗಸು ನಡೆಸುತ್ತಿದ್ದಳು. ನಾವೆಲ್ಲ ಅಕ್ಕ ಅಂತಿದ್ದೆವು. ಕುಚ್ಚಲಕ್ಕಿ ಗಂಜಿ, ಹಬೆಯಾಡೋದು. ಮೇಲೊಂದು ಸುಟ್ಟ ಹಪ್ಪಳ, ಅಂಚಿಗೆ ಅಪ್ಪೆಮಿಡಿ ಉಪ್ಪಿನಕಾಯಿ. ಲೋಕನಾಥ್ ತೆರೆಯ ಮೇಲೆ ತಿಂದದ್ದು ನಮ್ಮ ಬಟ್ಟಲಿಗೇ ಬಂದ ಹಾಗೆ! ಬಟ್ಟಲಿಗೆ ಎಂಟಾಣೆ.

ಇದ್ದ ದುಡ್ಡು ಟಿಕೆಟ್ಟಿಗೇ ಹೋಗುತ್ತಿತ್ತು. ‘ಅಕ್ಕ, ನಾಳೆ ಕೊಡ್ತೆ’ ಅಂತಿದ್ದೆ. ಅವಳು ಮಾತಾಡದೆ ಇದ್ದಿಲು ತಗೊಂಡು ಹಲಗೆ ಮೇಲೆ ಒಂದು ಗೆರೆ ಎಳೆಯೋಳು. ಹೀಗೆ ಒಂಬತ್ತು ಗೆರೆ ಆಯ್ತು. ನಾಲ್ಕೂವರೆ ರೂಪಾಯಿ.

ಕಡೇ ರಾತ್ರಿ ಗಂಜಿ ಬಡಿಸುತ್ತಾ ಅಂದಳು: ‘ನಾಳೆ ಗಂಟು ಕಟ್ಟಬೇಕು ತಮ್ಮ. ಬಸ್ ಚಾರ್ಜಿಗೆ ಆಗ್ತದೆ, ಇದ್ರೆ ಕೊಡು.’

ಇತ್ತು. ನೋಟ್ಸ್ ಪುಸ್ತಕಕ್ಕೆ ಅಂತ ಅಪ್ಪಯ್ಯ ಕೊಟ್ಟ ಐದು ರೂಪಾಯಿ ಚಡ್ಡಿ ಜೇಬಲ್ಲೇ ಇತ್ತು. ಆದರೆ ಟೆಂಟು ಇನ್ನೂ ಎರಡು ದಿನ ಇರುತ್ತೆ, ಬೇರೆ ಪಿಚ್ಚರ್ ಬರುತ್ತೆ ಅಂತ ಆವತ್ತೇ ಬೋರ್ಡ್ ಹಾಕಿದ್ದರು. ‘ಇಲ್ಲ ಅಕ್ಕ’ ಅಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ನೋಡಿದ್ದು ನನ್ನ ಜೇಬನ್ನು. ‘ಇರ್ಲಿ, ಉಣ್ಣು’ ಅಂದು ಇನ್ನೊಂದು ಸೌಟು ಹಾಕಿದಳು. ಆ ಸೌಟಿಗೆ ಗೆರೆ ಎಳೆಯಲಿಲ್ಲ.

ಮರುದಿನ ಹೋದಾಗ ನಾಲ್ಕು ಕಂಬ ಮಾತ್ರ. ಮುಂದಿನ ವರ್ಷದ ತೇರಿಗೆ ಅವಳು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹೆಸರು ಕೇಳಿರಲಿಲ್ಲ, ಊರು ಕೇಳಿರಲಿಲ್ಲ. ಬಿದ್ದದ್ದು ಬರೀ ಗೆರೆ.

ಆಮೇಲೆ ಐಟಿಐ ಮಾಡಿದೆ, ವೆಲ್ಡಿಂಗ್ ಕಲಿತೆ, 1994ರಲ್ಲಿ ಸಿಂಗಪುರಕ್ಕೆ ಹೋದೆ, ಹಡಗು ರಿಪೇರಿ ಕೆಲಸಕ್ಕೆ. ಅಲ್ಲಿ ಬೀದಿಬದಿಯ ಅಂಗಡಿಗಳನ್ನೆಲ್ಲ ಸರ್ಕಾರವೇ ಒಂದೊಂದು ಮಾಡಿನ ಕೆಳಗೆ ಸೇರಿಸಿಟ್ಟಿದೆ. ಹಾಕರ್ ಸೆಂಟರ್ ಅಂತಾರೆ. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಅದು ಸೇರಿತು. ನೈಟ್ ಶಿಫ್ಟ್ ಮುಗಿಸಿ ಒಂದು ಬೆಳಗಿನ ಜಾವ ಹೋದರೆ, ಒಂದು ಅಂಗಡಿಯಲ್ಲಿ ದೊಡ್ಡ ಹಂಡೆ, ಹಬೆ, ಚೀನೀ ಮುದುಕಿಯ ಕೈಯಲ್ಲಿ ಸೌಟು. ನೋಡಿದರೆ ಗಂಜಿ!

ಕ್ಯಾಂಟನೀಸ್ ಜನರ ಗಂಜಿ. ಅವರು ‘ಜೂಕ್’ ಅಂತಾರೆ. ಒಂದು ಪಾಲು ಅಕ್ಕಿಗೆ ಸುಮಾರು ಹತ್ತು ಪಾಲು ನೀರು ಹಾಕಿ, ಅಗುಳು ಅನ್ನೋದೇ ಕರಗಿ ಹೋಗೋವರೆಗೆ ತಾಸುಗಟ್ಟಲೆ ಕುದಿಸ್ತಾರೆ. ಮೀನಿನ ತೆಳು ಹೋಳು, ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು, ಬಿಳಿ ಮೆಣಸಿನ ಪುಡಿ. ಅದ್ದಿ ತಿನ್ನೋಕೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉದ್ದನೆ ಕಡ್ಡಿ. ಅಲ್ಲೇ ಟಿಯೋಚೂ ಅನ್ನೋ ಇನ್ನೊಂದು ಪಂಗಡದವರ ಗಂಜಿಯೂ ಸಿಗುತ್ತೆ. ಅದರಲ್ಲಿ ಅಗುಳು ಅಗುಳಾಗೇ, ತಿಳಿ ತಿಳಿಯಾಗೇ ಇರುತ್ತೆ, ಥೇಟ್ ನಮ್ಮದರ ಹಾಗೆ. ಜೂಕ್‌ಗೆ ಇಂಗ್ಲಿಷಿನಲ್ಲಿ ‘ಕಾಂಜಿ’ ಅಂತಾರಲ್ಲ, ಆ ಮಾತು ಚೀನಾದ್ದಲ್ಲ. ನಮ್ಮ ಗಂಜಿಯ ಅಣ್ಣನಾದ ತಮಿಳಿನ ಕಂಜಿ, ಪೋರ್ಚುಗೀಸರ ಬಾಯಿಂದ ದೇಶ ಸುತ್ತಿದ್ದು. ಬಾಯಿಗಿಟ್ಟೆ. ಉಪ್ಪಿನಕಾಯಿ ಇಲ್ಲ. ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು.

ಎರಡು ಡಾಲರ್. ನನ್ನ ಹತ್ತಿರ ಐವತ್ತರ ನೋಟು. ಮುದುಕಿಯ ಹತ್ತಿರ ಚಿಲ್ಲರೆ ಇಲ್ಲ. ಕೈ ಬೀಸಿ ‘ಟುಮಾರೋ, ಟುಮಾರೋ’ ಅಂದಳು. ನನಗೆ ಎದೆ ಧಸಕ್ಕೆಂದಿತು. ಇಡೀ ಸೆಂಟರ್ ಅಲೆದು ಚಿಲ್ಲರೆ ಮಾಡಿಸಿ, ಓಡಿ ಬಂದು ಕೊಟ್ಟೆ. ಇವನಿಗೇನು ಹುಚ್ಚೇ ಅಂತ ಅವಳು ನಕ್ಕಳು. ಯಾರ ಬಾಕಿ ಅಂತ ಅವಳಿಗೇನು ಗೊತ್ತು!

ಆ ವಾರವೇ ರೂಮಲ್ಲಿ ಜಾಕಿ ಚಾನ್‌ನ ‘ಡ್ರಂಕನ್ ಮಾಸ್ಟರ್’ ಕ್ಯಾಸೆಟ್ ಹಾಕಿದ್ದರು. ಹೀರೋ ಹೋಟೆಲಿಗೆ ಹೋಗಿ ಹೊಟ್ಟೆ ಬಿರಿಯ ತಿಂದು, ದುಡ್ಡಿಲ್ಲದೆ ಸಿಕ್ಕಿಬೀಳ್ತಾನೆ. ರೂಮೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೊಬ್ಬ ನಗಲಿಲ್ಲ. ಅವನ ಜೇಬಲ್ಲಿ ದುಡ್ಡಿರಲಿಲ್ಲ. ನನ್ನ ಜೇಬಲ್ಲಿ ಇತ್ತು.

ರಿಟೈರಾಗಿ ಬಂದ ಮೇಲೆ ಒಂದು ತೇರಿಗೆ ಆ ಜಾಗಕ್ಕೆ ಹೋಗಿ ನಿಂತೆ. ಟೆಂಟೂ ಇಲ್ಲ, ಗಂಜಿಯೂ ಇಲ್ಲ. ಗೋಬಿ ಮಂಚೂರಿ ಗಾಡಿ, ಮೇಲೆ ‘ಚೈನೀಸ್’ ಅಂತ ಕೆಂಪು ಬೋರ್ಡು! ಚೀನೀ ಮುದುಕಿ ನನಗೆ ಗಂಜಿ ಬಡಿಸಿದಳು, ನನ್ನೂರಿನ ಹುಡುಗ ಚೈನೀಸ್ ಮಾರ್ತಿದ್ದಾನೆ. ನಗು ಬಂತು. ಒಂದು ಪ್ಲೇಟ್ ತಗೊಂಡೆ, ಮೊದಲು ದುಡ್ಡು ಕೊಟ್ಟೆ, ಆಮೇಲೆ ತಿಂದೆ. ಪಕ್ಕದಲ್ಲಿ ಒಬ್ಬ ಹುಡುಗ, ಹದಿನಾರಿರಬಹುದು, ‘ಅಣ್ಣ, ನಾಳೆ ಕೊಡ್ತೆ’ ಅಂತಿದ್ದ. ಗಾಡಿಯವನು ಮುಖ ಸಿಂಡರಿಸಿದ. ಅವನದ್ದೂ ನಾನೇ ಕೊಟ್ಟೆ. ಬಾಕಿ ತೀರಿತು ಅಂತಲ್ಲ. ಅವಳಿಗೆ ಕೊಡಬೇಕಾದ್ದು ಇನ್ನೊಬ್ಬರಿಗೆ ಕೊಟ್ಟರೆ ತೀರೋದಿಲ್ಲ, ಅದು ನನಗೆ ಗೊತ್ತು.

ತಮ್ಮಂದಿರಾ, ಪಿಚ್ಚರ್ ನೋಡಿ. ಹತ್ತು ಸಲ ಬೇಕಾದರೂ ನೋಡಿ, ನಾನು ಬೇಡ ಅನ್ನೋನಲ್ಲ. ಆದರೆ ಉಂಡ ಗಂಜಿಯ ದುಡ್ಡು ಮೊದಲು ಕೊಟ್ಟುಬಿಡಿ. ಪಿಚ್ಚರ್ ಇನ್ನೊಂದು ಊರಿಗೆ ಹೋದರೂ ಹುಡುಕಿಕೊಂಡು ಹೋಗಿ ನೋಡಬಹುದು. ಗಂಟು ಕಟ್ಟಿಕೊಂಡು ಹೋದ ಅಕ್ಕನನ್ನು ಎಲ್ಲಿ ಅಂತ ಹುಡುಕ್ತೀರಿ?