ರೊಟ್ಟಿ ಹಾಕುವ ಕೈ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆಗಳಲ್ಲಿ ಅಂಗಡಿಯ ಬಾಗಿಲು ತೆರೆಯುವ ಮುನ್ನ ಬೀದಿನಾಯಿಗೊಂದು ಜೋಳದ ರೊಟ್ಟಿ ಹಾಕುವ ಶ್ರಾವಕರು ಇಂದಿಗೂ ಇದ್ದಾರೆ. ತಂದೆ ಹಾಕುತ್ತಿದ್ದರೆಂದು ಮಗ ಹಾಕುತ್ತಾನೆ. ಖಾತೆ ಕೀರ್ದಿಗಳಲ್ಲಿ ಕಾಣದ ದಾನವದು. ಅದೇ ನಾಯಿ ಒಂದು ದಿನ ಓಣಿಯ ಮಗುವಿನ ಮೀನಖಂಡಕ್ಕೆ ಬಾಯಿ ಹಾಕಿತೆನ್ನಿ. ಮನೆಯ ಹಿರಿಯಳು ಗಾಯಕ್ಕೆ ಸುಣ್ಣವನ್ನೋ ಅರಿಷಿಣವನ್ನೋ ಮೆತ್ತಿ, "ನಮ್ಮ ಓಣ್ಯಾಗಿನ ನಾಯಿ, ದಿನಾ ರೊಟ್ಟಿ ತಿನ್ನೂದು, ಏನೂ ಆಗೂದಿಲ್ಲ ತಗೊ" ಎಂದು ಸಮಾಧಾನ ಹೇಳುತ್ತಾಳೆ. ಗಾಯ ಮಾಯುತ್ತದೆ. ಎಲ್ಲರೂ ಮರೆಯುತ್ತಾರೆ.

ಮರೆಯದಿರುವುದು ರೇಬಿಸ್ ವೈರಾಣು ಮಾತ್ರ. ನಾಯಿಯ ಜೊಲ್ಲಿನಿಂದ ಗಾಯವನ್ನು ಸೇರಿದ ಅದು ನರದ ಎಳೆ ಹಿಡಿದು ಮಿದುಳಿನತ್ತ ಏರುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ವರ್ಷವೂ ಆದೀತು. ಹುಂಡಿಗೆ ಮುದ್ದತ್ತು ಇರುವಂತೆ ಈ ಸಾವಿಗೂ ಒಂದು ಮುದ್ದತ್ತು ಇದೆ. ಅದರೊಳಗೆ ಎಚ್ಚೆತ್ತವನು ಉಳಿಯುತ್ತಾನೆ. ಮಿದುಳಿಗೆ ಉರಿಯೂತ ಹತ್ತಿ, ನೀರು ಕಂಡರೆ ಗಂಟಲು ಬಿಗಿಯುವ ಹೊತ್ತಿಗೆ ವೈದ್ಯನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಹೀಗೆ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುತೇಕ ಪ್ರಕರಣಗಳಲ್ಲಿ ರೋಗ ಬಂದದ್ದು ನಾಯಿಯಿಂದಲೇ.

ಹಿರಿಯರ ಹಿಂಜರಿಕೆಗೆ ಕಾರಣವಿಲ್ಲದೆ ಇರಲಿಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆಯನ್ನು ಸೋಂಕು ತಗುಲಿಸಿದ ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ! ಆ ಮಿದುಳಿನ ಅಂಶವೇ ಕೆಲವರಲ್ಲಿ ನರಗಳಿಗೆ ಪೆಟ್ಟು ಕೊಟ್ಟದ್ದೂ ಉಂಟು. ಇದನ್ನರಿತ ಶ್ರಾವಕನ ಮನಸ್ಸು ಅಳುಕಿದ್ದರೆ ತಪ್ಪೆನ್ನಲಾಗದು. 2005ರ ಹೊತ್ತಿಗೆ ಭಾರತದಲ್ಲಿ ಆ ಲಸಿಕೆಯ ತಯಾರಿಕೆ ನಿಂತಿತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅಂದೇ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಚುಚ್ಚುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೆಯ ದಿನ ತೋಳಿಗೆ ಸೂಜಿ. ಗಾಯ ಆಳವಾಗಿದ್ದರೆ ಅದರೊಳಗೂ ಸುತ್ತಲೂ ಪ್ರತಿವಿಷದ ಮದ್ದು ಬೇಕು. ಅದನ್ನು ಹಲವೊಮ್ಮೆ ಕುದುರೆಯ ರಕ್ತದಿಂದ ಪಡೆಯುತ್ತಾರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ ಆಚಾರ್ಯರು ಮೊದಲನೆಯದನ್ನು ಬಿಡಲೇಬೇಕೆಂದರು. ಮಗುವಿನ ಪ್ರಾಣ ಉಳಿಸುವ ಮದ್ದು ಆ ಮೊದಲನೆಯದರಲ್ಲಿ ಬರುವುದಿಲ್ಲ. ಆದರೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಸುಣ್ಣ ಮೆತ್ತಿ ಸುಮ್ಮನಾದ ಮನೆ ಯಾವ ಲೆಕ್ಕಕ್ಕೆ ಸೇರುತ್ತದೆ?

ಈ ಪ್ರಶ್ನೆ ಸಮಾಜಕ್ಕೆ ಹೊಸದಲ್ಲ. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಹುಚ್ಚಿನ ಭಯದಿಂದ ತಮ್ಮ ಆವರಣದ ಸುಮಾರು ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದಾಗ ಜೀವದಯಾವಾದಿಗಳು ಕೆರಳಿದರು. ಸ್ವತಃ ಜೈನ ಮನೆತನದವರು ಹೀಗೆ ಮಾಡಿದರಲ್ಲಾ ಎಂಬ ನೋವು ಬೇರೆ. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಲೇಖನಮಾಲೆಯನ್ನೇ ಬರೆದು ಮಾಲೀಕರ ಪಕ್ಷ ವಹಿಸಿದರು. ಒಡೆಯನಿಲ್ಲದ ನಾಯಿಗೆ ತುತ್ತು ಎಸೆದು ಹೊಣೆ ಹೊರದಿರುವುದು ದಯೆಯಲ್ಲ ಎಂಬುದು ಅವರ ವಾದದ ಸಾರ. ಕೊಲ್ಲುವುದನ್ನು ಶ್ರಾವಕ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಹೊಣೆಯ ಮಾತು ಮಾತ್ರ ತಪ್ಪಿಸಿಕೊಳ್ಳುವಂಥದಲ್ಲ.

ಅಂದು ಇಲ್ಲದ ದಾರಿ ಇಂದು ಇದೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಹಾಕಿ ಅದನ್ನು ಕಾಯ್ದುಕೊಂಡರೆ ರೋಗದ ಸರಪಳಿ ಕಡಿಯುತ್ತದೆ. ಕರ್ನಾಟಕ ಸರಕಾರ 2022ರಲ್ಲಿ ಮನುಷ್ಯರ ರೇಬಿಸ್ಸನ್ನು ವರದಿ ಮಾಡಲೇಬೇಕಾದ ರೋಗವೆಂದು ಸಾರಿತು. ದೇಶವು 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಸಾವುಗಳನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿದೆ. ಪಶುವೈದ್ಯರ ತೊಡಕು ಬೇರೆಯೇ. ಬೀದಿನಾಯಿ ಅಪರಿಚಿತರ ಕೈಗೆ ಸಿಗುವುದಿಲ್ಲ, ಬಲೆ ಕಂಡರೆ ಸಂದಿಯೊಳಗೆ ಓಡುತ್ತದೆ. ಅದು ನಂಬಿ ಬರುವುದು ದಿನವೂ ರೊಟ್ಟಿ ಹಾಕುವವನ ಬಳಿಗೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಭಾದ್ರಪದದ ದಶಲಕ್ಷಣ ಪರ್ವವೂ ಅದರ ಆಸುಪಾಸಿನಲ್ಲಿಯೇ ಬರುತ್ತದೆ. ಬಸದಿಯ ಟ್ರಸ್ಟಿಗಳು ಆ ದಿನಗಳಲ್ಲಿ ಪಶು ಆಸ್ಪತ್ರೆಯವರನ್ನು ಪೇಟೆಗೆ ಕರೆಸಿದರೆ, ನಾಯಿಯನ್ನು ಹಿಡಿದು ನಿಲ್ಲಿಸಬೇಕಾದವರು ಆ ಅಂಗಡಿಯವರೇ.