ಗಡಿಯಾಚೆಯಿಂದ ಬಂದ ಕಾರು

ಸುಳ್ಯದವರಿಗೆ ಕೇರಳವೆಂದರೆ ಪರದೇಶವಲ್ಲ. ಜಾಲ್ಸೂರಿನಲ್ಲಿ ತಿರುಗಿ ಸ್ವಲ್ಪ ದೂರ ಹೋದರೆ ಗಡಿ, ಮುಳ್ಳೇರಿಯ, ಚೆರ್ಕಳ ದಾಟಿದರೆ ಕಾಸರಗೋಡು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಹಂಚುವವರೆಗೆ ಅದು ನಮ್ಮ ಜಿಲ್ಲೆಯದೇ ಒಂದು ತಾಲೂಕು. ಇಲ್ಲಿ ಹರಿಯುವ ಪಯಸ್ವಿನಿ ಅಲ್ಲಿ ಚಂದ್ರಗಿರಿ ಎನಿಸಿಕೊಂಡು ಸಮುದ್ರ ಸೇರುತ್ತದೆ. ಹೆಣ್ಣು ಕೊಟ್ಟು ತರುವಾಗಲಾಗಲಿ, ಮದುವೆಗೋ ಮಯ್ಯಿತ್ತಿಗೋ ಹೋಗುವಾಗಲಾಗಲಿ ನಮ್ಮಲ್ಲಿ ಯಾರೂ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಆದರೆ ಒಂದು ಹಳೆಯ ಕಾರನ್ನು ಆ ಕಡೆಯಿಂದ ಈ ಕಡೆಗೆ ತಂದು ನಮ್ಮದಾಗಿಸಿಕೊಳ್ಳಲು ಹೊರಟಾಗ ಗಡಿ ಎಂಬುದು ನಿಜವಾಗಿಯೂ ಇದೆ ಎಂದು ತಿಳಿಯುತ್ತದೆ.

ನನ್ನ ತಂಗಿಯನ್ನು ಉಪ್ಪಳಕ್ಕೆ ಕೊಟ್ಟಿದ್ದೇವೆ. ಭಾವ ಒಂದು ಬೆಳಿಗ್ಗೆ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ತಂಗಿ, ಅವಳ ಅತ್ತೆ, ಕಾಲೇಜಿಗೆ ಹೋಗುವ ಮಗ ಮತ್ತು ಮಗಳು. ಅಂಗಳದಲ್ಲಿ ಭಾವನ ಕಾರು ಧೂಳು ಹಿಡಿಯುತ್ತಿತ್ತು. ಓಡಿಸುವವರಿಲ್ಲ, ಫೀಸು ಕಟ್ಟಲು ಹಣ ಬೇಕು. ಇದ್ದತ್ ಮುಗಿದ ಮೇಲೆ ತಂಗಿಯೇ ಮಾತೆತ್ತಿದಳು: "ನೀವೇ ತಗೊಳ್ಳಿ, ಭಾಯಿಜಾನ್. ಆದರೆ ತಂಗಿಗೆ ಸಹಾಯ ಅಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ."

ಕಾರು ಯಾರದು ಎಂಬುದೇ ಮೊದಲ ಪ್ರಶ್ನೆ. ಮೃತನ ಸೊತ್ತು ಹೆಂಡತಿಯೊಬ್ಬಳದಲ್ಲ. ಮಕ್ಕಳಿರುವಾಗ ಹೆಂಡತಿಗೆ ಎಂಟರಲ್ಲೊಂದು ಪಾಲು, ತಾಯಿಗೆ ಆರರಲ್ಲೊಂದು, ಉಳಿದದ್ದು ಮಕ್ಕಳಿಗೆ. ನಾಲ್ಕು ಚಕ್ರದ ಕಾರನ್ನು ಹಾಗೆ ಹಂಚಲಾಗದು, ಅದರ ಬೆಲೆಯನ್ನು ಹಂಚಬಹುದು. ಮುದುಕಿ ಅತ್ತೆ "ನನಗೇಕೆ ಪಾಲು, ಮಕ್ಕಳಿಗಿರಲಿ" ಎಂದರು. ತಂಗಿ ಒಪ್ಪಲಿಲ್ಲ. "ಮೊದಲು ನಿಮ್ಮ ಕೈಗೆ ಬರಲಿ, ಆಮೇಲೆ ಯಾರಿಗಾದರೂ ಕೊಡಿ" ಎಂದಳು. ಇಬ್ಬರು ವ್ಯಾಪಾರಿಗಳಿಗೆ ಕಾರು ತೋರಿಸಿ ಅವರು ಹೇಳಿದ ಬೆಲೆಗೇ ನಾವೂ ನಿಂತೆವು.

ಕಾನೂನೂ ಬೇರೆ ದಾರಿಯಿಂದ ಅದೇ ಮಾತಿಗೆ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಮಾಲಿಕ ತೀರಿಕೊಂಡರೆ ವಾಹನ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ 31ನೇ ನಮೂನೆ, ಮರಣ ಪತ್ರ, ವಾರಸು ಸರ್ಟಿಫಿಕೇಟ್, ಉಳಿದವರ ಒಪ್ಪಿಗೆ. ಕಾರು ತಂಗಿಯ ಹೆಸರಿಗೆ ಬಂದ ಮೇಲೆ 28ನೇ ನಮೂನೆಯಲ್ಲಿ ಎನ್‌ಒಸಿಗೆ ಅರ್ಜಿ. ತೆರಿಗೆ ಬಾಕಿಯಿಲ್ಲ, ಪೊಲೀಸ್ ಕೇಸಿಲ್ಲ, ಬ್ಯಾಂಕಿನ ಸಾಲವಿಲ್ಲ ಎಂದು ಖಚಿತವಾದರೆ ಮಾತ್ರ ಅದು ಸಿಗುವುದು. ಮಾರಾಟಕ್ಕೆ 29 ಮತ್ತು 30, ಹೊಸ ರಾಜ್ಯದ ನಂಬರಿಗೆ 27. ಇಷ್ಟನ್ನೂ ಹಿಡಿದು ಪುತ್ತೂರಿಗೆ ಹೋದರೆ ಇನ್‌ಸ್ಪೆಕ್ಟರರು ಕಾರನ್ನು ಕಣ್ಣಾರೆ ನೋಡಿ ಚಾಸಿ ನಂಬರನ್ನು ತಾಳೆ ಹಾಕುತ್ತಾರೆ. ಎಲ್ಲ ಸರಿಯಿದ್ದರೆ ಕೆಎಲ್ 14 ಹೋಗಿ ಕೆಎ 21 ಬರುತ್ತದೆ.

ನಡುವೆ ತೆರಿಗೆ. ಭಾವ ಕೇರಳದಲ್ಲಿ ಹದಿನೈದು ವರ್ಷದ್ದನ್ನು ಒಮ್ಮೆಗೇ ಕಟ್ಟಿದ್ದರು. ಕರ್ನಾಟಕಕ್ಕೆ ನಾನು ಪುನಃ ಜೀವಾವಧಿ ತೆರಿಗೆ ಕಟ್ಟಬೇಕು. ವಾಹನದ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಇಳಿಸಿ ಲೆಕ್ಕ ಹಾಕುತ್ತಾರೆ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ ವಾಹನ ತೆರಿಗೆ ಸೇರಿರುವುದರಿಂದ ಅದು ಆಯಾ ರಾಜ್ಯದ ಆದಾಯ. ತೆರಿಗೆಯ ಮೊತ್ತ ಕೇಳಿ ತಂಗಿ ಬೆಲೆ ಇಳಿಸಲು ಹೊರಟಳು. ನಾನು ಒಪ್ಪಲಿಲ್ಲ, ಅದು ಅನಾಥ ಮಕ್ಕಳ ಪಾಲಿನಿಂದ ಕಡಿತವಾದೀತು.

"ಯಾಕೆ ಇಷ್ಟೆಲ್ಲ ತಲೆಬಿಸಿ? ಕೆಎಲ್ ನಂಬರಿನಲ್ಲೇ ಓಡಿಸಿ" ಎಂದು ಹೇಳಿದವರು ಹಲವರು. ಹೊರರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕೆಂದು ಕೇಂದ್ರದ ಕಾಯ್ದೆ ಹೇಳುತ್ತದೆ. 2014ರಲ್ಲಿ ಕರ್ನಾಟಕ ತನ್ನ ಕಾಯ್ದೆ ತಿದ್ದಿ, 30 ದಿನ ದಾಟಿದರೆ ತೆರಿಗೆ ಎಂದಿತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದರೆ ಆ ವಿನಾಯಿತಿ ಬಂದು ಹೋಗುವವರಿಗೆ. ಕೊಂಡವನು ಇಲ್ಲೇ ಮನೆ ಮಾಡಿಕೊಂಡಿರುವವನಾದರೆ ಮಾಲಿಕತ್ವವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲೇಬೇಕು. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ಎಲ್ಲ ರಾಜ್ಯಗಳಿಗೂ ಸಲ್ಲುತ್ತದೆ. ಅದು ಸರ್ಕಾರಿ ನೌಕರರಿಗೆ, ನಾಲ್ಕಾದರೂ ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳ ನೌಕರರಿಗೆ. ಉಪ್ಪಳದ ವಿಧವೆಗೂ ಸುಳ್ಯದ ಕಥೆಗಾರನಿಗೂ ಅಲ್ಲ.

ನನಗೆ ಇನ್ನೊಂದು ಕಾರಣವೂ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿ ಸಿಗದೆ ಪ್ರಾಣ ಬಿಟ್ಟ ಸುದ್ದಿಗಳನ್ನು ನಾವು ಓದಿದೆವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ತಂಗಿಯ ಮುಖ ಕಂಡದ್ದು ಫೋನಿನಲ್ಲಿ ಮಾತ್ರ. ಮನುಷ್ಯ ಯಾರು, ಯಾತಕ್ಕೆ ಹೊರಟಿದ್ದಾನೆ ಎಂದು ಕೇಳುವ ಮೊದಲೇ ನಂಬರ್ ಪ್ಲೇಟು ಅವನ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳಿಬಿಡುತ್ತಿತ್ತು. ಅಂಥ ದಿನ ಮತ್ತೆ ಬಾರದಿರಲಿ. ಬಂದರೆ, ನಮ್ಮ ಕಾಗದಗಳಲ್ಲಿ ಯಾರೂ ಬೆರಳು ತೋರಿಸುವಂತಿರಬಾರದು. ನಮ್ಮಂಥವರ ಕಾಗದಗಳನ್ನು ಜನ ಒಂದಲ್ಲ, ಎರಡು ಸಲ ಓದುತ್ತಾರೆ.

ಹೊಸ ನಂಬರು ಬಂದ ವಾರ ಉಪ್ಪಳಕ್ಕೆ ಹೋದೆ. ತಂಗಿ ಪ್ಲೇಟನ್ನು ನೋಡಿ ಏನೂ ಹೇಳಲಿಲ್ಲ, ಡ್ರೈವರ್ ಸೀಟಿನ ಬೆನ್ನ ಮೇಲೊಮ್ಮೆ ಕೈಯಾಡಿಸಿದಳು. ವಾಹನ ಬೇರೆ ರಾಜ್ಯದಲ್ಲಿ ನೋಂದಣಿಯಾದ ದಾಖಲೆ ತೋರಿಸಿದರೆ ಕೇರಳಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳಬಹುದೆಂದು ತಿಳಿಸಿ, ಹೊಸ ಆರ್‌ಸಿಯ ಜೆರಾಕ್ಸ್ ಕೊಟ್ಟೆ. ಅವಳು ಅದನ್ನು ಮಡಚಿ ಭಾವನ ಫೈಲಿನಲ್ಲಿಟ್ಟಳು.

"ಅದು ಅವರು ಕಟ್ಟಿದ ಹಣ. ಬಂದರೆ ಅದನ್ನೂ ಹಾಗೇ ಹಂಚಬೇಕು. ಅಮ್ಮಿಯ ಆರನೇ ಪಾಲು ಮೊದಲು" ಎಂದಳು.