ತಲುಪದ ಷರಾ

2005ರ ಡಿಸೆಂಬರ್ 14ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ವಿಶೇಷ ನ್ಯಾಯಾಧೀಶರೊಬ್ಬರು ಮುದ್ರಿತ ಫಾರಂ ಒಂದರ ಮೇಲೆ ಗುರುತು ಹಾಕಿ ರುಜು ಮಾಡಿದರು. ಅವರ ಎದುರಿಗಿದ್ದವನು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿದ್ಯಾರ್ಥಿ. ಸಹಪಾಠಿ ಹುಡುಗಿಯರಿಗೆ ಕಿರುಕುಳದ ಸಂದೇಶ ಕಳಿಸಿದ್ದಕ್ಕೆ ಪೊಲೀಸರು ಅವನಿಗೆ ಎಚ್ಚರಿಕೆ ಕೊಟ್ಟಿದ್ದರು. ಆಮೇಲೆ ಅವನು ಜೊತೆಯ ಹುಡುಗನೊಡನೆ ಸಾಯುವ ಮಾತಾಡಿದ. ಆ ರಾತ್ರಿಯನ್ನು ಅವನು ಮನೋರೋಗದ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಈತ ಮನೋರೋಗದಿಂದಾಗಿ ತನಗೇ ಸದ್ಯದ ಅಪಾಯವಾಗಿದ್ದಾನೆ ಎಂಬುದು ನ್ಯಾಯಾಧೀಶರು ಗುರುತು ಹಾಕಿದ ಸಾಲಿನ ತಾತ್ಪರ್ಯ. ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು ಬೇಡ, ಹೊರಗಿದ್ದುಕೊಂಡೇ ಚಿಕಿತ್ಸೆ ಪಡೆಯಲಿ ಎಂದು ಆದೇಶವಾಯಿತು. ಹುಡುಗ ಅದೇ ದಿನ ವಿಶ್ವವಿದ್ಯಾಲಯದ ಸಲಹಾ ಕೇಂದ್ರಕ್ಕೆ ಹೋಗಿ ಬಂದ. ಮತ್ತೆ ಆ ಕಡೆ ಸುಳಿಯಲಿಲ್ಲ. ಏಕೆ ಬರಲಿಲ್ಲ ಎಂದು ಕೇಳಿದವರೂ ಇಲ್ಲ.

ಹದಿನಾರು ತಿಂಗಳ ನಂತರ, 2007ರ ಏಪ್ರಿಲ್ 16ರ ಸೋಮವಾರ, ಅದೇ ಹುಡುಗ ಬೆಳಿಗ್ಗೆ ಏಳೂಕಾಲರ ಸುಮಾರಿಗೆ ಹಾಸ್ಟೆಲಿನಲ್ಲಿ ಇಬ್ಬರನ್ನು ಕೊಂದ. ಎರಡು ಗಂಟೆ ಕಳೆದ ಮೇಲೆ ನಾರಿಸ್ ಹಾಲ್ ಎಂಬ ಕಟ್ಟಡಕ್ಕೆ ಹೋಗಿ ಬಾಗಿಲುಗಳಿಗೆ ಸರಪಳಿ ಬಿಗಿದು ತರಗತಿಯಿಂದ ತರಗತಿಗೆ ನಡೆದ. ಹತ್ತು ಹನ್ನೆರಡು ನಿಮಿಷಗಳಲ್ಲಿ 174 ಗುಂಡುಗಳು ಹಾರಿದವು, ಮೂವತ್ತು ಜನ ಸತ್ತರು. ಕೊನೆಗೆ ಅವನೂ ಗುಂಡು ಹೊಡೆದುಕೊಂಡ. ಅವನ ಹೆಸರು ಆಗ ಲೋಕದ ಎಲ್ಲ ಪತ್ರಿಕೆಗಳಲ್ಲೂ ಬಂತು, ಇಲ್ಲಿ ಬೇಕಾಗಿಲ್ಲ.

ನೆನಪಿಡಬೇಕಾದ ಹೆಸರುಗಳು ಬೇರೆ ಇವೆ. 206ನೆಯ ಕೋಣೆಯಲ್ಲಿ ಜಲವಿಜ್ಞಾನದ ಪಾಠ ಹೇಳುತ್ತಿದ್ದವರು ಪ್ರೊಫೆಸರ್ ಜಿ.ವಿ. ಲೋಗನಾಥನ್. ತಮಿಳುನಾಡಿನ ಗೋಬಿಚೆಟ್ಟಿಪಾಳ್ಯದ ಕಡೆಯ ಹಳ್ಳಿಯವರು, ಕೊಯಮತ್ತೂರು ಮತ್ತು ಕಾನ್ಪುರಗಳಲ್ಲಿ ಓದಿದವರು. ಮಳೆ, ಹೊಳೆ, ಪ್ರವಾಹಗಳ ಲೆಕ್ಕಾಚಾರ ಅವರ ವಿಷಯ. ಅವರು ತರಗತಿಯಲ್ಲಿಯೇ ಸತ್ತರು. ಅವರ ಪಾಠ ಕೇಳುತ್ತಿದ್ದವರಲ್ಲಿ ಹೆಚ್ಚಿನವರೂ ಸತ್ತರು, ಮುಂಬೈಯಿಂದ ಹೋಗಿದ್ದ ಒಬ್ಬ ವಿದ್ಯಾರ್ಥಿನಿಯೂ ಅದರಲ್ಲಿ ಸೇರಿದ್ದಳು. ಪಕ್ಕದ 204ರಲ್ಲಿ ರುಮೇನಿಯಾ ಮೂಲದ ಲಿವಿಯು ಲಿಬ್ರೆಸ್ಕು ಇದ್ದರು. ವಯಸ್ಸು 76. ಹಿಟ್ಲರನ ಕಾಲದ ಯಹೂದಿ ನರಮೇಧದಿಂದ ಬಾಲ್ಯದಲ್ಲಿ ಪಾರಾಗಿದ್ದವರು. ವಿದ್ಯಾರ್ಥಿಗಳು ಕಿಟಕಿಯಿಂದ ಧುಮುಕಿ ಓಡಲಿ ಎಂದು ಅವರು ಬಾಗಿಲಿಗೆ ಮೈಯೊಡ್ಡಿ ನಿಂತರು. ಗುಂಡು ಬಾಗಿಲನ್ನು ತೂರಿ ಬಂತು. ನರಮೇಧದಲ್ಲಿ ಮಡಿದವರನ್ನು ಇಸ್ರೇಲಿನವರು ಸ್ಮರಿಸುವ ದಿನವೂ ಆ ವರ್ಷ ಅದೇ ಆಗಿತ್ತು.

ಅಮೆರಿಕದಲ್ಲಿ ಕಾನೂನೇ ಇಲ್ಲ, ಯಾರು ಬೇಕಾದರೂ ಕಡಲೆಕಾಯಿ ಕೊಂಡಂತೆ ಪಿಸ್ತೂಲು ಕೊಳ್ಳುತ್ತಾರೆ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಓಡಾಡುತ್ತದೆ. ಇದು ಪೂರ್ತಿ ನಿಜವಲ್ಲ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ 1968ರಲ್ಲಿಯೇ ಒಂದು ಕೇಂದ್ರ ಕಾಯಿದೆ ಬಂದಿತ್ತು. ನ್ಯಾಯಾಲಯದಂಥ ಅಧಿಕೃತ ಸಂಸ್ಥೆ ಯಾರನ್ನು ಮನೋವಿಕಲನೆಂದು ತೀರ್ಮಾನಿಸಿದೆಯೋ, ಯಾರನ್ನು ಕಡ್ಡಾಯವಾಗಿ ಮನೋರೋಗದ ಆಸ್ಪತ್ರೆಗೆ ಸೇರಿಸಲಾಗಿದೆಯೋ ಅಂಥವರಿಗೆ ಬಂದೂಕು ಕೂಡದು ಎಂದು ಅದು ಹೇಳುತ್ತದೆ. ಕಾಯಿದೆಯ ನಿಯಮಗಳಲ್ಲಿ ವಿವರಣೆಯೂ ಇದೆ. ಮನೋರೋಗದಿಂದಾಗಿ ತನಗಾಗಲೀ ಇತರರಿಗಾಗಲೀ ಅಪಾಯ ಎಂದು ನ್ಯಾಯಾಲಯ ಹೇಳಿದರೆ ಸಾಕು. ಅಂದರೆ ಆ ಹುಡುಗನಿಗೆ ಬಂದೂಕು ಕೊಳ್ಳುವ ಹಕ್ಕು 2005ರ ಡಿಸೆಂಬರ್ 14ರಂದೇ ಹೋಗಿತ್ತು! ಅದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅಂಗಡಿಯವನಿಗಂತೂ ಗೊತ್ತಾಗಲಿಲ್ಲ.

ಮೊದಲ ಪಿಸ್ತೂಲನ್ನು ಅವನು ಇಂಟರ್ನೆಟ್ ಮೂಲಕ ತರಿಸಿ, 2007ರ ಫೆಬ್ರವರಿ 9ರಂದು ವಿಶ್ವವಿದ್ಯಾಲಯದ ಎದುರಿನ ಗಿರವಿ ಅಂಗಡಿಯಲ್ಲಿ ಪಡೆದುಕೊಂಡ. ತಿಂಗಳಿಗೊಂದೇ ಪಿಸ್ತೂಲು ಎಂಬ ನಿಯಮ ಆಗ ವರ್ಜೀನಿಯಾದಲ್ಲಿತ್ತು. ಆ ನಿಯಮವನ್ನು ಅವನು ಮುರಿಯಲಿಲ್ಲ. ತಿಂಗಳು ಕಾದು, ಮಾರ್ಚ್ 13ರಂದು ರೋನೋಕ್ ಪಟ್ಟಣದ ಅಂಗಡಿಯಲ್ಲಿ 571 ಡಾಲರ್ ತೆತ್ತು ಎರಡನೆಯದನ್ನು ಕೊಂಡ. ಚಾಲನಾ ಪರವಾನಗಿ, ಚೆಕ್ ಪುಸ್ತಕ, ವಲಸೆಯ ಕಾರ್ಡು ಎಲ್ಲವನ್ನೂ ತೋರಿಸಿದ. ಅರ್ಜಿಯಲ್ಲಿ ಮನೋವಿಕಲನೆಂಬ ತೀರ್ಮಾನ ಆಗಿದೆಯೇ ಎಂಬ ಪ್ರಶ್ನೆಯೂ ಇತ್ತು. ಅಂಗಡಿಯಿಂದ ವಿಚಾರಣೆ ಹೋಯಿತು, ಗಣಕಯಂತ್ರ ಹುಡುಕಿತು, ಕೆಲವೇ ನಿಮಿಷಗಳಲ್ಲಿ ಅಡ್ಡಿಯಿಲ್ಲ ಎಂಬ ಉತ್ತರ ಬಂತು. ಯಂತ್ರ ಸುಳ್ಳು ಹೇಳಲಿಲ್ಲ. ತನ್ನ ಹೊಟ್ಟೆಯಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತಂದೀತು?

ಆ ಷರಾ ಯಂತ್ರದೊಳಗೆ ಸೇರದೇ ಇದ್ದದ್ದು ಯಾರೋ ಗುಮಾಸ್ತ ಮರೆತದ್ದರಿಂದ ಅಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ, ದುರಂತವೂ ಹೌದು. ಕೇಂದ್ರದ ಕಾಯಿದೆ ಒಂದು ಮಾತು ಹೇಳಿದರೆ ರಾಜ್ಯದ ಕಾಯಿದೆ ಇನ್ನೊಂದು ಹೇಳುತ್ತಿತ್ತು. ಆಸ್ಪತ್ರೆಯೊಳಗೆ ಕಡ್ಡಾಯವಾಗಿ ಸೇರಿಸಿದವರ ಹೆಸರನ್ನು ಮಾತ್ರ ವರ್ಜೀನಿಯಾ ಪೊಲೀಸ್ ದಾಖಲೆಗೆ ಕಳಿಸುತ್ತಿತ್ತು. ಹೊರಗಿದ್ದು ಚಿಕಿತ್ಸೆ ಪಡೆ ಎಂದರೆ ಅದು ಸೇರಿಸಿದಂತೆ ಆಗಲಿಲ್ಲವಲ್ಲ! ಹೀಗಾಗಿ ಎಲ್ಲರೂ ತಮ್ಮ ತಮ್ಮ ನಿಯಮದ ಪ್ರಕಾರವೇ ನಡೆದುಕೊಂಡರು, ಕಾಗದ ಮಾತ್ರ ಇದ್ದಲ್ಲೇ ಉಳಿಯಿತು. ಹಾಗೆ ನೋಡಿದರೆ ಇಂಥ ಹೆಸರುಗಳನ್ನು ಕಳಿಸುವುದರಲ್ಲಿ ವರ್ಜೀನಿಯಾ ಉಳಿದ ರಾಜ್ಯಗಳಿಗಿಂತ ಮುಂದೆಯೇ ಇತ್ತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಂದು ಹೆಸರನ್ನೂ ಕಳಿಸುತ್ತಿರಲಿಲ್ಲ.

ಕೇಂದ್ರ ಸರ್ಕಾರ ಗದರಿಸಿ ತರಿಸಿಕೊಳ್ಳಬಾರದೇ ಎಂದು ಓದುಗರು ಕೇಳಬಹುದು. ಅದಕ್ಕೂ ತೊಡಕಿದೆ. ಅಂಗಡಿಯಲ್ಲಿ ಕೊಳ್ಳುವವರ ಪೂರ್ವಾಪರ ವಿಚಾರಿಸಬೇಕೆಂಬ ಬ್ರಾಡಿ ಕಾಯಿದೆ 1993ರಲ್ಲಿ ಬಂತು. ಜೇಮ್ಸ್ ಬ್ರಾಡಿ ಅಧ್ಯಕ್ಷ ರೇಗನ್ನರ ಪತ್ರಿಕಾ ಕಾರ್ಯದರ್ಶಿ. 1981ರಲ್ಲಿ ರೇಗನ್ನರ ಮೇಲೆ ಗುಂಡು ಹಾರಿದಾಗ ಒಂದು ಗುಂಡು ಬ್ರಾಡಿಯವರ ತಲೆಗೆ ಬಿದ್ದು ಅವರು ಶಾಶ್ವತವಾಗಿ ಅಂಗವಿಕಲರಾದರು. ಹಾರಿಸಿದವನು ಮನೋರೋಗಿಯೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅಂದರೆ ಈ ಕಾಯಿದೆ ಹುಟ್ಟಿದ್ದೇ ಅಂಥ ಗುಂಡಿನಿಂದ. ಆದರೆ ಕೇಂದ್ರದ ಕೆಲಸವನ್ನು ಮಾಡಿಕೊಡಿ ಎಂದು ರಾಜ್ಯದ ಅಧಿಕಾರಿಗಳಿಗೆ ಆಜ್ಞೆ ಮಾಡುವಂತಿಲ್ಲವೆಂದು 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 1998ರಲ್ಲಿ ರಾಷ್ಟ್ರೀಯ ಗಣಕ ವ್ಯವಸ್ಥೆ ಶುರುವಾದಾಗ ಹೆಸರು ಕಳಿಸುವುದು ರಾಜ್ಯಗಳ ಮರ್ಜಿಗೆ ಉಳಿಯಿತು. ಮನೆಗೆ ಫ್ಯೂಸ್ ಹಾಕಿಸಿ, ತಂತಿಯನ್ನು ಅದರ ಮೂಲಕ ಎಳೆಯದೆ ಪಕ್ಕದಲ್ಲೇ ಹಾಯಿಸಿದ ಹಾಗೆ. ಫ್ಯೂಸ್ ಇದೆಯೇ ಎಂದರೆ ಇದೆ!

ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿಯೂ ಸ್ವಸ್ಥಚಿತ್ತನಲ್ಲದವನಿಗೆ ಲೈಸೆನ್ಸು ಕೊಡಕೂಡದೆಂದಿದೆ. ವ್ಯತ್ಯಾಸ ಬೇರೊಂದು ಕಡೆ ಇದೆ. ಇಲ್ಲಿ ಬಂದೂಕು ಏಕೆ ಬೇಕು ಎಂದು ಅರ್ಜಿದಾರ ಹೇಳಬೇಕು. ಅಲ್ಲಿ ಬಂದೂಕು ಹಕ್ಕು, ಆದ್ದರಿಂದ ಏಕೆ ಕೂಡದು ಎಂದು ಸರ್ಕಾರ ತೋರಿಸಬೇಕು. ತೋರಿಸಲು ದಾಖಲೆ ಬೇಕು. ದಾಖಲೆ ಇಲ್ಲದಿದ್ದರೆ ವ್ಯಾಪಾರ ನಡೆಯುತ್ತದೆ.

ಆ ಹುಡುಗನ ಸ್ಥಿತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎನ್ನುವಂತಿಲ್ಲ. ಎಂಟು ವರ್ಷದವನಿದ್ದಾಗ ದಕ್ಷಿಣ ಕೊರಿಯಾದಿಂದ ತಂದೆತಾಯಿಯ ಜೊತೆ ಬಂದವನು, ಶಾಲೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. 1999ರಲ್ಲಿ ಕೊಲಂಬೈನ್ ಶಾಲೆಯ ಹತ್ಯೆಗಳ ನಂತರ ಅಂಥದ್ದನ್ನೇ ತಾನೂ ಮಾಡುವ ಅರ್ಥದ ಬರಹವೊಂದನ್ನು ಬರೆದಿದ್ದ. ಶಾಲೆಯವರು ತಕ್ಷಣ ಮನೆಯವರಿಗೆ ತಿಳಿಸಿದರು, ಚಿಕಿತ್ಸೆ ಆಯಿತು, ಔಷಧ ಕೊಟ್ಟರು, ಸುಧಾರಿಸಿದ. ಹೈಸ್ಕೂಲಿನಲ್ಲಿಯೂ ಅವನಿಗೆಂದೇ ವಿಶೇಷ ಏರ್ಪಾಡು ಮಾಡಿದ್ದರು. ಇದರಲ್ಲಿ ಒಂದಕ್ಷರವೂ ವಿಶ್ವವಿದ್ಯಾಲಯಕ್ಕೆ ತಲುಪಲಿಲ್ಲ. ಅಲ್ಲಿ ಕವಯಿತ್ರಿ ನಿಕ್ಕಿ ಜಿಯೊವಾನಿ ತಮ್ಮ ತರಗತಿಯಿಂದ ಅವನನ್ನು ಹೊರಗಿಡಲೇಬೇಕೆಂದು ಹಟ ಹಿಡಿದರು. ಮತ್ತೆ ಒಂದು ಮೊದಲಿಂದ ಎಂಬಂತೆ ವಿಭಾಗದ ಮುಖ್ಯಸ್ಥೆ ಲೂಸಿಂಡಾ ರಾಯ್ ತಾವೇ ಒಬ್ಬೊಬ್ಬರಾಗಿ ಕೂತು ಅವನಿಗೆ ಪಾಠ ಹೇಳಿದರು, ಸಲಹಾ ಕೇಂದ್ರಕ್ಕೆ ಹೋಗು ಎಂದರು, ಮೇಲಿನವರಿಗೂ ತಿಳಿಸಿದರು. ಮೇಷ್ಟ್ರುಗಳ ಕೈಯಲ್ಲಿ ಇದಕ್ಕಿಂತ ಹೆಚ್ಚೇನು ಆದೀತು? ವಿದ್ಯಾರ್ಥಿಯ ಖಾಸಗಿ ವಿಷಯವನ್ನು ಹಂಚಿಕೊಳ್ಳಲು ಕಾನೂನು ಬಿಡುವುದಿಲ್ಲ ಎಂದುಕೊಂಡು ಒಂದು ಕಚೇರಿ ಇನ್ನೊಂದಕ್ಕೆ ಹೇಳಲಿಲ್ಲ. ಕಾನೂನು ಅಷ್ಟು ಕಟ್ಟುನಿಟ್ಟಾಗಿಲ್ಲ, ಅದನ್ನು ತಪ್ಪಾಗಿ ತಿಳಿಯಲಾಗಿದೆ ಎಂದು ರಾಜ್ಯದ ತನಿಖಾ ಸಮಿತಿ 2007ರ ಆಗಸ್ಟ್‌ನಲ್ಲಿ ಬರೆಯಿತು.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮನೋರೋಗಿಗಳಲ್ಲಿ ಬಹುಪಾಲು ಜನ ಇನ್ನೊಬ್ಬರ ಮೇಲೆ ಕೈ ಎತ್ತಿದವರಲ್ಲ, ಅವರ ಕೈಯಲ್ಲಿರುವ ಬಂದೂಕು ಅಪಾಯ ತರುವುದಾದರೆ ಹೆಚ್ಚಾಗಿ ಅವರಿಗೇ ತರುತ್ತದೆ. ಹೆಸರು ಪಟ್ಟಿಗೆ ಹೋಗುತ್ತದೆಂಬ ಹೆದರಿಕೆಯಿಂದ ವೈದ್ಯರ ಬಳಿಗೆ ಹೋಗುವುದನ್ನೇ ಬಿಟ್ಟರೆ ಏನು ಗತಿ ಎಂದು ಕೇಳುವವರ ಆತಂಕವೂ ಹುಸಿಯಲ್ಲ. ಆದರೆ ಕಾಯಿದೆ ಕೇಳಿದ್ದು ವೈದ್ಯರ ಗುಟ್ಟನ್ನಲ್ಲ, ನ್ಯಾಯಾಲಯದ ಆದೇಶವನ್ನು.

ಹತ್ಯೆ ನಡೆದ ಎರಡು ವಾರಕ್ಕೆ, ಏಪ್ರಿಲ್ 30ರಂದು, ಗವರ್ನರ್ ಟಿಮ್ ಕೇನ್ ಒಂದು ಆಜ್ಞೆ ಹೊರಡಿಸಿ ಹೊರರೋಗಿ ಆದೇಶಗಳನ್ನೂ ಪಟ್ಟಿಗೆ ಸೇರಿಸಿದರು. ಒಂದು ಕಾಗದದಲ್ಲಿ ಮುಗಿಯುವ ಕೆಲಸ. 2008ರ ಜನವರಿಯಲ್ಲಿ ಅಧ್ಯಕ್ಷ ಬುಷ್ ರುಜು ಮಾಡಿದ ಕಾಯಿದೆ ಹೆಸರು ಕಳಿಸುವ ರಾಜ್ಯಗಳಿಗೆ ಹಣದ ಆಸೆ ತೋರಿಸಿತು. 2004ರಲ್ಲಿ ಸುಮಾರು 1 ಲಕ್ಷ 26 ಸಾವಿರವಿದ್ದ ಮನೋರೋಗದ ದಾಖಲೆಗಳು 2011ರ ಹೊತ್ತಿಗೆ ಸುಮಾರು 12 ಲಕ್ಷಕ್ಕೆ ಏರಿದವು. ಅದೂ ಹೆಚ್ಚಾಗಿ ಹನ್ನೆರಡು ರಾಜ್ಯಗಳ ಶ್ರಮದಿಂದ.

ದಾಖಲೆ ಸೋರುವುದು ಅಲ್ಲಿಗೆ ನಿಲ್ಲಲಿಲ್ಲ. 2017ರ ನವೆಂಬರ್‌ನಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬಲ್ಲಿ ಚರ್ಚಿಗೆ ನುಗ್ಗಿ ಗುಂಡು ಹಾರಿಸಿದವನಿಗೆ ಹೆಂಡತಿಯನ್ನೂ ಮಲಮಗನನ್ನೂ ಹೊಡೆದದ್ದಕ್ಕಾಗಿ 2012ರಲ್ಲೇ ವಾಯುಪಡೆಯ ನ್ಯಾಯಾಲಯ ಶಿಕ್ಷೆ ವಿಧಿಸಿತ್ತು. ಅದೇ ವರ್ಷ ಅವನು ಮನೋರೋಗದ ಚಿಕಿತ್ಸಾಲಯದಿಂದ ತಪ್ಪಿಸಿಕೊಂಡಿದ್ದ. ಶಿಕ್ಷೆಯ ವಿವರವನ್ನು ವಾಯುಪಡೆ ಎಫ್.ಬಿ.ಐ.ಗೆ ಕಳಿಸಲೇ ಇಲ್ಲ. ಹೊಣೆಯಲ್ಲಿ ಶೇಕಡಾ 60 ವಾಯುಪಡೆಯದೇ ಎಂದು 2021ರಲ್ಲಿ ನ್ಯಾಯಾಲಯ ಹೇಳಿತು. ಮೇಯ್ನ್ ರಾಜ್ಯದ ಲೂಯಿಸ್ಟನ್‌ನಲ್ಲಿ 2023ರ ಅಕ್ಟೋಬರ್ 25ರಂದು 18 ಜನ ಸತ್ತರು. ಕೊಂದವನ ತಲೆ ಸರಿಯಿಲ್ಲವೆಂದು ಮನೆಯವರು ಮೇ ತಿಂಗಳಲ್ಲೇ ಪೊಲೀಸರಿಗೆ ಹೇಳಿದ್ದರು, ಸೇನೆಯ ಗೆಳೆಯ ಸೆಪ್ಟೆಂಬರ್‌ನಲ್ಲಿ ಎಚ್ಚರಿಸಿದ್ದ. ಬಂದೂಕು ಕಿತ್ತುಕೊಳ್ಳುವ ಕಾಯಿದೆ ಅಲ್ಲಿ 2020ರಿಂದ ಇತ್ತು. ಅಧಿಕಾರಿಯೊಬ್ಬರು ಹೋಗಿ ಬಾಗಿಲು ತಟ್ಟಿದರು, ಒಳಗಿದ್ದವನು ತೆಗೆಯಲಿಲ್ಲ, ಅವರು ವಾಪಸು ಬಂದರು. ಮುಂದುವರಿಯಲು ಸಾಕಷ್ಟು ಕಾರಣವಿತ್ತು ಎಂದು ತನಿಖಾ ಆಯೋಗ ಆಮೇಲೆ ತೀರ್ಮಾನಿಸಿತು.

ವರ್ಜೀನಿಯಾದಲ್ಲಿ ಇನ್ನೊಂದು ಕಡತದ ಕಥೆ ಉಳಿದಿತ್ತು. ಹುಡುಗ ಸಲಹಾ ಕೇಂದ್ರಕ್ಕೆ ಹೋಗಿದ್ದಾಗ ಬರೆದುಕೊಂಡ ಟಿಪ್ಪಣಿಗಳು ತನಿಖೆಯ ಕಾಲಕ್ಕೆ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. 2009ರ ಜುಲೈನಲ್ಲಿ ಅವು ಕೇಂದ್ರದ ಹಿಂದಿನ ನಿರ್ದೇಶಕರ ಮನೆಯಲ್ಲಿ ದೊರೆತವು. ಕೆಲಸ ಬಿಟ್ಟು ಹೋಗುವಾಗ ತಮ್ಮ ಕಾಗದಪತ್ರಗಳ ಜೊತೆ ಗೊತ್ತಿಲ್ಲದೆ ಕಟ್ಟಿಕೊಂಡು ಹೋಗಿದ್ದೆ ಎಂದು ಅವರು ತಿಳಿಸಿದರು. ಸಾಯುವ ಅಥವಾ ಕೊಲ್ಲುವ ಯೋಚನೆ ಇಲ್ಲವೆಂದು ಹುಡುಗ ಹೇಳಿದ್ದಾಗಿ ಆ ಟಿಪ್ಪಣಿಗಳಲ್ಲಿ ಬರೆದಿತ್ತು.